ಮುಕ್ತ ತಂತ್ರಾಂಶವೂ ಹೊರನಾಡ ಕನ್ನಡಿಗರೂ

(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ಏಕೀಕರಣದ ಮಾತು, ಗಡಿಯ ಮಾತು, ಕನ್ನಡ ಶಾಲೆಗಳ ಮಾತು ಬರುವುದು ವಾಡಿಕೆ. ೧೯೫೬ನೆಯ ಇಸವಿ ನವೆಂಬರ್ ೧ರಂದು, ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡನಾಡು ಒಂದಾಯಿತು. ೧೯೭೩ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಆ ಕಥೆಯನ್ನು ನಮಗಿಂತ ಚೆನ್ನಾಗಿ ಹೇಳಬಲ್ಲ ಹಿರಿಯರು ಈ ಸಭೆಯಲ್ಲಿಯೇ ಇದ್ದಾರೆ. ಆದಕಾರಣ ನಾವು ಇಂದು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ಅದು ಹೊರನೋಟಕ್ಕೆ ಯಂತ್ರದ ವಿಷಯ. ಒಳಗೆ ನೋಡಿದರೆ ಭಾಷೆಯ ವಿಷಯವೇ.

ಇಂದು ಕನ್ನಡದ ಬರವಣಿಗೆ ಬಹುಮಟ್ಟಿಗೆ ಕಾಗದದ ಮೇಲೆ ಹುಟ್ಟುವುದಿಲ್ಲ. ಗಣಕಯಂತ್ರದಲ್ಲಿಯೋ ಕೈಯಲ್ಲಿನ ಮೊಬೈಲಿನಲ್ಲಿಯೋ ಹುಟ್ಟುತ್ತದೆ, ಅಲ್ಲಿಯೇ ಬೆಳೆಯುತ್ತದೆ, ಅಲ್ಲಿಯೇ ಉಳಿಯುತ್ತದೆ ಅಥವಾ ಅಳಿಯುತ್ತದೆ. ನಮ್ಮ ಕಥೆ ಕವನಗಳು, ಸಂಘದ ನಡವಳಿಕೆಗಳು, ಮಕ್ಕಳ ಪಾಠ, ಊರಿಗೆ ಬರೆಯುವ ಓಲೆ, ಎಲ್ಲವೂ ಈಗ ಆ ಹೊಸ ಮನೆಯಲ್ಲಿ ವಾಸವಾಗಿವೆ. ಆ ಮನೆಯ ಬೀಗದಕೈ ಯಾರ ಸೊಂಟದಲ್ಲಿದೆ ಎಂಬುದೇ ನಮ್ಮ ಪ್ರಶ್ನೆ.

ಪ್ರಶ್ನೆ ಕಾಲ್ಪನಿಕವೆಂದು ಯಾರೂ ಭಾವಿಸಬಾರದು. ಠಾಣೆಯಿಂದ ಕಲ್ಯಾಣದವರೆಗೆ, ಡೊಂಬಿವಲಿಯಿಂದ ನವಿಮುಂಬಯಿಯವರೆಗೆ ಯಾವ ಕನ್ನಡ ಸಂಘದ ಕಪಾಟನ್ನು ತೆರೆದರೂ ಒಂದು ಅನುಭವ ಸಮಾನವಾಗಿ ಕಾಣಬರುತ್ತದೆ. ಇಪ್ಪತ್ತು ಇಪ್ಪತ್ತೈದು ವರ್ಷಗಳ ಹಿಂದಿನ ಸ್ಮರಣಸಂಚಿಕೆಯ ಅಚ್ಚಾದ ಪ್ರತಿ ಸಿಗುತ್ತದೆ. ಹಾಳೆ ಹಳದಿಯಾಗಿದ್ದರೂ ಓದಲು ಅಡ್ಡಿಯಿಲ್ಲ. ಆದರೆ ಅದೇ ಸಂಚಿಕೆಯ ಗಣಕದ ಕಡತವನ್ನು ತೆರೆದರೆ ಕನ್ನಡವೇ ಇಲ್ಲ. ‘ಕನ್ನಡ’ ಎಂದು ಟೈಪು ಮಾಡಿದ್ದ ಕಡೆ ಇಂಗ್ಲಿಷ್ ಅಕ್ಷರಗಳ ಮಧ್ಯೆ ಪೌಂಡು ನಾಣ್ಯದ ಗುರುತು ಕಾಣುತ್ತದೆ. ಅಂದು ಪುಟ ಕಟ್ಟಿದ ಡಿಟಿಪಿ ಅಂಗಡಿ ಮುಚ್ಚಿದೆ, ಆ ಫಾಂಟು ಈಗ ಯಾರಲ್ಲಿಯೂ ಇಲ್ಲ, ಅದನ್ನು ತೆರೆಯುವ ತಂತ್ರಾಂಶ ಇಂದಿನ ಯಂತ್ರದಲ್ಲಿ ನಡೆಯುವುದಿಲ್ಲ. ಕಾಗದ ಉಳಿಯಿತು, ಕಡತ ಸತ್ತಿತು. ನೂರಾರು ವರ್ಷಗಳ ತಾಳೆಗರಿಯನ್ನು ಓದಬಲ್ಲ ನಾವು ಇಪ್ಪತ್ತು ವರ್ಷದ ನಮ್ಮ ಬರಹವನ್ನು ಓದಲಾರೆವು ಎಂದರೆ ಇದಕ್ಕಿಂತ ವಿಪರ್ಯಾಸ ಉಂಟೆ?

ಇದು ಹೇಗಾಯಿತೆಂಬುದನ್ನು ತಿಳಿಯಲು ತಂತ್ರಾಂಶವೆಂದರೇನು ಎಂಬುದನ್ನು ಸ್ವಲ್ಪ ನೋಡೋಣ. ತಂತ್ರಾಂಶವೆಂದರೆ ಯಂತ್ರಕ್ಕೆ ಕೊಟ್ಟ ಆಜ್ಞೆಗಳ ಮಾಲೆ. ಅದನ್ನು ರಚಿಸುವವರು ಮೊದಲು ಮನುಷ್ಯರು ಓದಿ ತಿಳಿಯುವಂಥ ರೀತಿಯಲ್ಲಿ ಬರೆಯುತ್ತಾರೆ. ಇದನ್ನು ಮೂಲ ಬರಹವೆನ್ನೋಣ. ಬಳಿಕ ಅದು ಯಂತ್ರಕ್ಕೆ ಮಾತ್ರ ಅರ್ಥವಾಗುವ ಸೊನ್ನೆ ಒಂದುಗಳ ಸಾಲಾಗಿ ಮಾರ್ಪಡುತ್ತದೆ. ಸಾಮಾನ್ಯವಾಗಿ ಅಂಗಡಿಯಲ್ಲಿ ನಮಗೆ ಸಿಗುವುದು ಈ ಎರಡನೆಯ ರೂಪ. ಮೂಲ ಬರಹ ಕಂಪೆನಿಯ ತಿಜೋರಿಯಲ್ಲಿ ಭದ್ರವಾಗಿರುತ್ತದೆ. ಜೊತೆಗೆ ಒಂದು ಉದ್ದನೆಯ ಕರಾರು ಪತ್ರ ಬರುತ್ತದೆ: ಇದನ್ನು ಬಿಚ್ಚಿ ನೋಡಕೂಡದು, ಬದಲಿಸಕೂಡದು, ನೆರೆಯವರಿಗೆ ಕೊಡಕೂಡದು. ಹಣ ಕೊಟ್ಟು ಕೊಂಡರೂ ನಮ್ಮದಾಗದ ವಸ್ತು ಇದು. ಪಾವತಿ ಮಾಡಿದ ಬಾಡಿಗೆದಾರರಷ್ಟೇ ನಾವು.

ಈ ಪದ್ಧತಿಯನ್ನು ಒಪ್ಪದ ಒಬ್ಬ ಮನುಷ್ಯನ ಕಥೆಯನ್ನು ಇಲ್ಲಿ ಹೇಳಬೇಕು. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಒಂದು ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬವರು ಕೆಲಸ ಮಾಡುತ್ತಿದ್ದರು. ಅಲ್ಲಿಯ ಹಳೆಯ ಮುದ್ರಣಯಂತ್ರದಲ್ಲಿ ಕಾಗದ ಸಿಕ್ಕಿಕೊಂಡಾಗ, ಮುದ್ರಣಕ್ಕಾಗಿ ಕಾಯುತ್ತಿರುವ ಎಲ್ಲರಿಗೂ ಸುದ್ದಿ ಹೋಗುವಂತೆ ಅವರು ಅದರ ತಂತ್ರಾಂಶವನ್ನು ತಿದ್ದಿದ್ದರು. ೧೯೮೦ರ ಸುಮಾರಿಗೆ ಜೆರಾಕ್ಸ್ ಕಂಪೆನಿಯ ಹೊಸ ಲೇಸರ್ ಮುದ್ರಣಯಂತ್ರ ಬಂತು. ನಮ್ಮ ಸ್ಟೇಷನ್ನುಗಳ ಹೊರಗಿನ ಅಂಗಡಿಗಳಿಗೆಲ್ಲ ಹೆಸರು ಕೊಟ್ಟ ಕಂಪೆನಿಯೇ ಅದು. ಯಂತ್ರ ಉತ್ತಮವಾದದ್ದು, ಆದರೆ ಅದರಲ್ಲಿಯೂ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಅದನ್ನೂ ಹಾಗೆಯೇ ತಿದ್ದೋಣವೆಂದರೆ ಮೂಲ ಬರಹ ದೊರೆಯಲಿಲ್ಲ. ಅದು ಬೇರೊಂದು ವಿಶ್ವವಿದ್ಯಾಲಯದ ಒಬ್ಬರಲ್ಲಿ ಇದೆಯೆಂದು ತಿಳಿದು ಅಲ್ಲಿಗೆ ಹೋಗಿ ಕೇಳಿದರೆ, ‘ಕೊಡುವುದಿಲ್ಲವೆಂದು ಕರಾರು ಮಾಡಿಕೊಟ್ಟಿದ್ದೇನೆ’ ಎಂಬ ಉತ್ತರ ಸಿಕ್ಕಿತು. ತಿದ್ದುವ ಶಕ್ತಿ ಇದ್ದವರಿಗೆ ತಿದ್ದುವ ಹಕ್ಕಿಲ್ಲ. ಕೊಡುವ ಮನಸ್ಸಿದ್ದವರಿಗೂ ಕೊಡುವ ಸ್ವಾತಂತ್ರ್ಯವಿಲ್ಲ. ಕಾಗದ ಸಿಕ್ಕಿಕೊಂಡದ್ದು ಸಣ್ಣ ಸಂಗತಿ. ಅದರ ಹಿಂದೆ ಸಿಕ್ಕಿಕೊಂಡದ್ದು ಮನುಷ್ಯರ ಪರಸ್ಪರ ಸಹಾಯವೆಂದು ಅವರಿಗೆ ತೋರಿತು.

೧೯೮೩ರ ಸೆಪ್ಟೆಂಬರಿನಲ್ಲಿ ಅವರು ಗ್ನು ಎಂಬ ಯೋಜನೆಯನ್ನು ಸಾರಿದರು. ಯಂತ್ರವನ್ನು ನಡೆಸಲು ಬೇಕಾದ ಸಕಲ ತಂತ್ರಾಂಶವನ್ನೂ ಮೊದಲಿನಿಂದ ಬರೆದು ಎಲ್ಲರಿಗೂ ಬಿಟ್ಟುಕೊಡುವುದೇ ಆ ಯೋಜನೆ. ೧೯೮೪ರ ಆರಂಭದಲ್ಲಿ ನೌಕರಿಯನ್ನೂ ಬಿಟ್ಟರು. ೧೯೮೫ರ ಅಕ್ಟೋಬರ್ ೪ರಂದು ಬೋಸ್ಟನ್ನಿನಲ್ಲಿ ‘ಫ್ರೀ ಸಾಫ್ಟ್‌ವೇರ್ ಫೌಂಡೇಷನ್’ ಎಂಬ ಸಂಸ್ಥೆ ಸ್ಥಾಪಿತವಾಯಿತು. ಇದು ಲಾಭಕ್ಕಾಗಿ ನಡೆಯುವ ಸಂಸ್ಥೆಯಲ್ಲ. ಸದಸ್ಯರ ವಂತಿಗೆಯಿಂದಲೂ ದಾನದಿಂದಲೂ ನಡೆಯುವಂಥದು, ನಮ್ಮ ಸಂಘಗಳ ಹಾಗೆಯೇ.

ಈ ಸಂಸ್ಥೆ ಹೇಳುವ ಸ್ವಾತಂತ್ರ್ಯಗಳು ನಾಲ್ಕು. ತಂತ್ರಾಂಶವನ್ನು ಯಾವ ಕೆಲಸಕ್ಕಾದರೂ ಬಳಸುವ ಸ್ವಾತಂತ್ರ್ಯ ಮೊದಲನೆಯದು. ಅದರ ಮೂಲವನ್ನು ಓದಿ ತಿಳಿದು ತನಗೆ ಬೇಕಾದಂತೆ ತಿದ್ದಿಕೊಳ್ಳುವುದು ಎರಡನೆಯದು. ಪ್ರತಿಗಳನ್ನು ಮಾಡಿ ಇತರರಿಗೆ ಹಂಚುವುದು ಮೂರನೆಯದು. ತಾನು ತಿದ್ದಿದ್ದನ್ನೂ ಹಂಚಿ ಸಮಾಜಕ್ಕೆ ಅದರ ಪ್ರಯೋಜನ ಒದಗಿಸುವುದು ನಾಲ್ಕನೆಯದು. ಇವು ನಾಲ್ಕೂ ಇದ್ದರೆ ಅದು ಮುಕ್ತ ತಂತ್ರಾಂಶ. ಒಂದು ತಪ್ಪಿದರೂ ಅಲ್ಲ.

ಇಂಗ್ಲಿಷಿನವರಿಗೆ ಇಲ್ಲಿ ಒಂದು ತೊಡಕುಂಟು. ‘ಫ್ರೀ’ ಎಂಬ ಒಂದೇ ಶಬ್ದಕ್ಕೆ ‘ದುಡ್ಡು ಬೇಡ’ ಎಂಬ ಅರ್ಥವೂ ಉಂಟು, ‘ಬಂಧನವಿಲ್ಲ’ ಎಂಬ ಅರ್ಥವೂ ಉಂಟು. ಕನ್ನಡಕ್ಕೆ ಆ ಬಡತನವಿಲ್ಲ. ನಮ್ಮಲ್ಲಿ ಉಚಿತ ಬೇರೆ, ಮುಕ್ತ ಬೇರೆ. ಪುಕ್ಕಟೆಯಾಗಿ ಕೊಟ್ಟದ್ದೆಲ್ಲ ಮುಕ್ತವಲ್ಲ. ಮುಕ್ತವಾದದ್ದನ್ನು ಹಣಕ್ಕೆ ಮಾರಬಾರದೆಂದೂ ಇಲ್ಲ. ಮೊಬೈಲಿನಲ್ಲಿ ದುಡ್ಡಿಲ್ಲದೆ ಬರುವ ಹತ್ತಾರು ಸೌಕರ್ಯಗಳು ಉಚಿತ, ಆದರೆ ಅವುಗಳ ಒಳಗೇನಿದೆ ಎಂದು ನೋಡಲು ನಮಗೆ ಅಪ್ಪಣೆಯಿಲ್ಲ. ನಾಳೆ ಅವು ನಿಂತರೆ ಕೇಳುವವರಿಲ್ಲ. ಉಚಿತವೆಂಬುದು ಕೊಡುವವರ ಔದಾರ್ಯ. ಮುಕ್ತವೆಂಬುದು ಪಡೆದವರ ಹಕ್ಕು.

ಹೀಗೆ ಎಲ್ಲರಿಗೂ ಬಿಟ್ಟುಕೊಟ್ಟದ್ದನ್ನು ಯಾರಾದರೂ ತಮ್ಮದೆಂದು ಬೇಲಿ ಹಾಕಿಕೊಂಡರೆ? ಇದಕ್ಕಾಗಿ ೧೯೮೯ರಲ್ಲಿ ಜಿ.ಪಿ.ಎಲ್. ಎಂಬ ಪರವಾನಿಗೆ ಪತ್ರವನ್ನು ರಚಿಸಿದರು. ೧೯೯೧ರಲ್ಲಿಯೂ ೨೦೦೭ರಲ್ಲಿಯೂ ಅದು ಪರಿಷ್ಕಾರವಾಯಿತು. ಇದರ ತಿರುಳನ್ನು ಕನ್ನಡಿಗರಿಗೆ ವಿವರಿಸುವುದು ಕಷ್ಟವಲ್ಲ. ನಮ್ಮ ನಾಡಿನ ದಾನಶಾಸನಗಳನ್ನು ನೆನೆಯಿರಿ. ಕೆರೆಗೋ ಗುಡಿಗೋ ಪಾಠಶಾಲೆಗೋ ಭೂಮಿ ಬಿಟ್ಟ ಅರಸ ಅಥವಾ ಗಾವುಂಡ ಕಲ್ಲಿನ ಮೇಲೆ ಅಷ್ಟನ್ನೇ ಕೆತ್ತಿಸಿ ಸುಮ್ಮನಾಗುತ್ತಿರಲಿಲ್ಲ. ಈ ದತ್ತಿಯನ್ನು ಕಾಪಾಡಿದವರಿಗೆ ಪುಣ್ಯ, ಅಪಹರಿಸಿದವರಿಗೆ ಕಾಶಿಯಲ್ಲಿ ಗೋಹತ್ಯೆ ಮಾಡಿದ ಪಾಪ ಎಂಬ ಅರ್ಥದ ಶಾಪವಾಕ್ಯವನ್ನೂ ಕೊನೆಗೆ ಸೇರಿಸುತ್ತಿದ್ದ. ದಾನ ಕೊಡುವುದಕ್ಕಿಂತ ದಾನವನ್ನು ಉಳಿಸುವುದು ಕಷ್ಟವೆಂದು ನಮ್ಮ ಪೂರ್ವಿಕರಿಗೆ ಗೊತ್ತಿತ್ತು. ಜಿ.ಪಿ.ಎಲ್. ಅಂಥದೇ ದತ್ತಿಯ ಶಾಸನ: ಇದನ್ನು ಬಳಸಿರಿ, ತಿದ್ದಿರಿ, ಹಂಚಿರಿ, ಮಾರಿದರೂ ಸರಿ, ಆದರೆ ನಿಮಗೆ ದೊರೆತ ಹಕ್ಕುಗಳನ್ನೆಲ್ಲ ನಿಮ್ಮಿಂದ ಪಡೆಯುವವರಿಗೂ ಕೊಡತಕ್ಕದ್ದು. ವ್ಯತ್ಯಾಸವಿಷ್ಟೇ, ಇಲ್ಲಿ ಶಾಪದ ಸ್ಥಾನದಲ್ಲಿ ನ್ಯಾಯಾಲಯವಿದೆ. ಮನೆಯ ಇಂಟರ್‌ನೆಟ್ ಪೆಟ್ಟಿಗೆಗಳಲ್ಲಿ ಮುಕ್ತ ತಂತ್ರಾಂಶವನ್ನು ಬಳಸಿ ಅದರ ಮೂಲವನ್ನು ಸರಿಯಾಗಿ ಕೊಡಲಿಲ್ಲವೆಂದು ಈ ಸಂಸ್ಥೆ ೨೦೦೮ರಲ್ಲಿ ಸಿಸ್ಕೊದಂಥ ದೊಡ್ಡ ಕಂಪೆನಿಯ ಮೇಲೆ ದಾವೆ ಹೂಡಿತು. ೨೦೦೯ರಲ್ಲಿ ರಾಜಿಯಾಗಿ, ಕಂಪೆನಿ ಈ ಪರವಾನಿಗೆಗಳ ಪಾಲನೆಯನ್ನು ನೋಡಿಕೊಳ್ಳಲು ಒಬ್ಬ ಅಧಿಕಾರಿಯನ್ನು ನೇಮಿಸಲು ಒಪ್ಪಿತು.

ಗ್ನು ಯೋಜನೆಗೆ ೧೯೯೧ರ ಹೊತ್ತಿಗೆ ಬಹಳಷ್ಟು ಸಿದ್ಧವಾಗಿದ್ದರೂ ಯಂತ್ರದ ಹೃದಯದಂತಿರುವ ಭಾಗವೊಂದು ಬಾಕಿಯಿತ್ತು. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆ ವರ್ಷ ಲಿನಕ್ಸ್ ಎಂಬುದನ್ನು ಬರೆದು, ಮರುವರ್ಷ ಅದನ್ನು ಜಿ.ಪಿ.ಎಲ್. ಅಡಿಯಲ್ಲಿ ಬಿಟ್ಟುಕೊಟ್ಟರು. ಎರಡೂ ಕೂಡಿ ಗ್ನು/ಲಿನಕ್ಸ್ ಆಯಿತು. ೨೦೧೭ರ ನವೆಂಬರಿನಿಂದ ಈಚೆಗೆ ಜಗತ್ತಿನ ಅತಿವೇಗದ ೫೦೦ ಮಹಾಗಣಕಗಳ ಪಟ್ಟಿಯಲ್ಲಿ ಎಲ್ಲವೂ ಲಿನಕ್ಸಿನ ಮೇಲೆಯೇ ನಡೆಯುತ್ತಿವೆ. ಐರೋಲಿ, ಮಹಾಪೆ, ಘನ್ಸೋಲಿಗಳ ಕಚೇರಿಗಳಿಗೆ ದಿನವೂ ಟ್ರಾನ್ಸ್‌ಹಾರ್ಬರ್ ಗಾಡಿ ಹಿಡಿದು ಹೋಗುವ ನಮ್ಮ ತರುಣ ತರುಣಿಯರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅವರಲ್ಲಿ ಅನೇಕರ ಅನ್ನ ಈ ದತ್ತಿಯ ಹೊಲದಲ್ಲಿಯೇ ಬೆಳೆಯುತ್ತಿದೆ.

ಸ್ಟಾಲ್‌ಮನ್ನರು ನಿರ್ದೋಷಿಗಳೆಂದು ನಾವು ಸಾರುತ್ತಿಲ್ಲ. ಅವರ ಕೆಲವು ಮಾತುಗಳು ಕಟುಟೀಕೆಗೆ ಗುರಿಯಾಗಿ ೨೦೧೯ರಲ್ಲಿ ಅವರು ಸಂಸ್ಥೆಯ ಅಧ್ಯಕ್ಷ ಪದವಿಯನ್ನು ಬಿಟ್ಟರು. ೨೦೨೧ರಲ್ಲಿ ಆಡಳಿತ ಮಂಡಳಿಗೆ ಮರಳಿದಾಗಲೂ ವಾದವಿವಾದಗಳು ನಡೆದವು. ಇದರಿಂದ ನಾವು ತಿಳಿಯತಕ್ಕದ್ದೇನೆಂದರೆ, ಒಳ್ಳೆಯ ತತ್ತ್ವ ಒಬ್ಬ ವ್ಯಕ್ತಿಯ ಹೆಗಲ ಮೇಲೆ ನಿಲ್ಲುವುದಿಲ್ಲ, ನಿಲ್ಲಲೂಬಾರದು.

ಇನ್ನು ನಮ್ಮ ಮನೆಯಂಗಳಕ್ಕೆ ಬರೋಣ. ಈ ಚಳವಳಿ ದೂರದೇಶದ ಮಾತೆಂದು ತಿಳಿಯುವುದು ತಪ್ಪು. ೨೦೦೧ರ ಜುಲೈಯಲ್ಲಿ ತಿರುವನಂತಪುರದಲ್ಲಿ ಇದರ ಭಾರತೀಯ ಶಾಖೆ ಉದ್ಘಾಟನೆಯಾಯಿತು. ಅದರ ಅಧ್ಯಕ್ಷತೆಯನ್ನು ವಹಿಸಿದ್ದ ಜಿ. ನಾಗಾರ್ಜುನರು ಕೆಲಸ ಮಾಡುತ್ತಿದ್ದುದು ಮಾನಖುರ್ದದ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದಲ್ಲಿ. ವಾಶಿಯಿಂದ ಖಾಡಿಯ ಸೇತುವೆ ದಾಟಿದರೆ ಸಿಗುವ ಮೊದಲ ಸ್ಟೇಷನ್ ಅದು. ಪವಯಿಯ ಐ.ಐ.ಟಿ.ಯಲ್ಲಿ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ ಮುಕ್ತ ತಂತ್ರಾಂಶಗಳನ್ನು ಕಲಿಸುವ ‘ಸ್ಪೋಕನ್ ಟ್ಯುಟೋರಿಯಲ್’ ಎಂಬ ಪಾಠಮಾಲೆ ಬೆಳೆಯಿತು. ಹತ್ತು ನಿಮಿಷದ ಆಸುಪಾಸಿನ ಆ ಪಾಠಗಳಲ್ಲಿ ಅನೇಕವು ಕನ್ನಡದಲ್ಲಿಯೂ ದೊರೆಯುತ್ತವೆ.

ಇವೆಲ್ಲಕ್ಕಿಂತ ಮೊದಲೇ ಮುಂಬಯಿಯ ಒಬ್ಬ ಕನ್ನಡಿಗರು, ಈ ಪರವಾನಿಗೆಗಳ ಗೊಡವೆಯೇ ಇಲ್ಲದೆ, ಇದೇ ಧರ್ಮವನ್ನು ನಡೆಸಿ ತೋರಿಸಿದ್ದರು. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾಯರು ಮುಂಬಯಿಯ ಟಾಟಾ ಪ್ರೆಸ್ಸಿನಲ್ಲಿ ದುಡಿದವರು; ಅಕ್ಷರ ಜೋಡಣೆಯ ಮರ್ಮವನ್ನು ಬಲ್ಲವರು. ಇಂಗ್ಲಿಷಿನ ೨೬ ಕೀಲಿಗಳ ಮೇಲೆಯೇ ಇಡೀ ಕನ್ನಡ ವರ್ಣಮಾಲೆಯನ್ನು ಕೂರಿಸುವ ವಿನ್ಯಾಸವನ್ನು ಅವರು ಮಾಡಿದರು. ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಉಚ್ಚಾರಣೆ ಬಲ್ಲವರಿಗೆ ಅರ್ಧ ಗಂಟೆಯಲ್ಲಿ ಕೈ ಕೂರುತ್ತದೆ. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ‘ಸೇಡಿಯಾಪು’ ಎಂದೇ ಹೆಸರಿಟ್ಟು, ಹಕ್ಕು ಕಾಯ್ದಿರಿಸಿಕೊಳ್ಳದೆ ನಾಡಿಗೆ ಬಿಟ್ಟುಕೊಟ್ಟರು. ಮುಂದೆ ಕರ್ನಾಟಕ ಸರ್ಕಾರ ಅಲ್ಪಸ್ವಲ್ಪ ಬದಲಾವಣೆಗಳೊಡನೆ ಅದನ್ನೇ ಅಧಿಕೃತ ಕೀಲಿಮಣೆಯಾಗಿ ಸ್ವೀಕರಿಸಿತು. ಆ ವಿನ್ಯಾಸಕ್ಕೆ ಅವರು ಶುಲ್ಕ ವಿಧಿಸಿದ್ದರೆ ಇಂದು ನಾವು ಬರೆಯುವ ಪ್ರತಿಯೊಂದು ಸಾಲಿಗೂ ಸುಂಕ ತೆರಬೇಕಾಗುತ್ತಿತ್ತೋ ಏನೋ!

ಇನ್ನೊಂದು ಉದಾಹರಣೆ ವಿರುದ್ಧ ದಿಕ್ಕಿನದು. ವಿಂಡೋಸ್ ಗಣಕಗಳಲ್ಲಿ ಬರುವ ‘ತುಂಗಾ’ ಎಂಬ ಕನ್ನಡ ಅಕ್ಷರರೂಪವನ್ನು ನೀವೆಲ್ಲ ಕಂಡಿದ್ದೀರಿ. ಅದನ್ನು ರಚಿಸಿದವರು ಮರಾಠಿ ಕಲಾವಿದ ರಘುನಾಥ ಜೋಶಿಯವರು, ಜುಹುವಿನ ರಾಷ್ಟ್ರೀಯ ತಂತ್ರಾಂಶ ಕೇಂದ್ರದಲ್ಲಿ ಇದ್ದಾಗ. ಆ ಕೇಂದ್ರ ಮುಂದೆ ಸಿ-ಡ್ಯಾಕ್ ಸಂಸ್ಥೆಯೊಳಗೆ ಸೇರಿತು. ಈಗ ಖಾರಘರ್ ಸ್ಟೇಷನ್ನಿನ ಎದುರಿನಲ್ಲಿಯೂ ಅದರ ಕಚೇರಿಯುಂಟು. ಕನ್ನಡಕ್ಕೆ ಒಬ್ಬ ಮರಾಠಿ ಕಲಾವಿದರು ಅಕ್ಷರ ಬರೆದರೆಂಬುದು ನಮ್ಮ ಈ ಊರುಗಳ ಸೌಹಾರ್ದಕ್ಕೆ ಭೂಷಣ. ಆದರೆ ಆ ಅಕ್ಷರ ಒಂದು ಕಂಪೆನಿಯ ಸೊತ್ತು. ಅದರ ಒಂದು ಒತ್ತಕ್ಷರ ಸರಿಯಿಲ್ಲವೆನಿಸಿದರೆ ತಿದ್ದುವ ಹಕ್ಕು ಕನ್ನಡಿಗರಲ್ಲಿ ಯಾರಿಗೂ ಇಲ್ಲ. ಇದಕ್ಕೆ ಪ್ರತಿಯಾಗಿ ಅರವಿಂದ ವಿ. ಕೆ. ಎಂಬ ತರುಣ ತಂತ್ರಜ್ಞರು ‘ಗುಬ್ಬಿ’, ‘ನವಿಲು’ ಎಂಬ ಅಕ್ಷರರೂಪಗಳನ್ನು ಮುಕ್ತವಾಗಿ ಕೊಟ್ಟಿದ್ದಾರೆ. ಅವನ್ನು ಯಾರೂ ಬಳಸಬಹುದು, ತಿದ್ದಬಹುದು, ಮೊಮ್ಮಕ್ಕಳಿಗೂ ಬಿಟ್ಟುಹೋಗಬಹುದು.

ಆರಂಭದಲ್ಲಿ ಹೇಳಿದ ಸತ್ತ ಕಡತಗಳ ಮಾತಿಗೆ ಈಗ ಮರಳೋಣ. ಹಳೆಯ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಯಂತ್ರದ ಪಾಲಿಗೆ ಅದು ಇಂಗ್ಲಿಷೇ. ಆ ಫಾಂಟು ಇದ್ದಾಗ ಮಾತ್ರ ಕನ್ನಡದ ವೇಷ. ವೇಷ ಕಳಚಿದೊಡನೆ ಪೌಂಡಿನ ಗುರುತು ಹೊರಬೀಳುತ್ತದೆ. ಒಬ್ಬೊಬ್ಬರ ಫಾಂಟಿನಲ್ಲಿ ಒಂದೊಂದು ಕ್ರಮವಿದ್ದುದರಿಂದ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ಆ ಕಾಲದ ಉಪಕಾರವನ್ನು ನಾವು ಮರೆಯಬಾರದು. ಶೇಷಾದ್ರಿವಾಸು ಅವರು ೧೯೯೮ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಇವು ಇಲ್ಲದಿದ್ದರೆ ಒಂದು ತಲೆಮಾರು ಗಣಕದಲ್ಲಿ ಕನ್ನಡವನ್ನು ಬರೆಯುತ್ತಲೇ ಇರಲಿಲ್ಲ. ಆದರೂ ‘ಬರಹ’ ಹಲವು ವರ್ಷ ಉಚಿತವಾಗಿದ್ದು ಆಮೇಲೆ ಬೆಲೆಗೆ ದೊರೆಯುವಂತಾಯಿತು. ಹಾಗೆ ಮಾಡುವುದು ಅದರ ಕರ್ತೃವಿನ ಹಕ್ಕೇ ಸರಿ; ಉಚಿತಕ್ಕೂ ಮುಕ್ತಕ್ಕೂ ಇರುವ ಅಂತರ ಇದರಿಂದ ನಮಗೆ ಸ್ಪಷ್ಟವಾಗುತ್ತದೆ.

ಇದಕ್ಕೆ ಪರಿಹಾರ ಯುನಿಕೋಡ್. ಜಗತ್ತಿನ ಪ್ರತಿಯೊಂದು ಲಿಪಿಯ ಪ್ರತಿಯೊಂದು ಅಕ್ಷರಕ್ಕೂ ಅದರದೇ ಆದ ಸಂಖ್ಯೆಯನ್ನು ಕೊಟ್ಟ ಸಾರ್ವತ್ರಿಕ ಪದ್ಧತಿ ಇದು. ೧೯೯೧ರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ‘ಕ’ ಎಂಬ ಅಕ್ಷರದ ಸಂಖ್ಯೆ ೩೨೨೧. ಅದು ಬೆಂಗಳೂರಿನಲ್ಲಿಯೂ ೩೨೨೧, ಡೊಂಬಿವಲಿಯಲ್ಲಿಯೂ ೩೨೨೧, ನ್ಯೂಯಾರ್ಕಿನಲ್ಲಿಯೂ ೩೨೨೧. ಹಳೆಯ ಬರಹವನ್ನು ಈ ಪದ್ಧತಿಗೆ ತರುವ ಪರಿವರ್ತಕಗಳೂ ಮುಕ್ತವಾಗಿಯೇ ದೊರೆಯುತ್ತವೆ. ಮೇಲೆ ಹೇಳಿದ ಅರವಿಂದರು ಬರೆದದ್ದು ಅವುಗಳಲ್ಲಿ ಒಂದು. ಇಂಥ ಸಾಧನಗಳಿದ್ದುದರಿಂದಲೇ ‘ಸಂಚಯ’ ಎಂಬ ಬೆಂಗಳೂರಿನ ಗೆಳೆಯರ ಬಳಗಕ್ಕೆ ಸಾವಿರಾರು ವಚನಗಳನ್ನು ಯಾರು ಬೇಕಾದರೂ ಹುಡುಕಿ ಓದುವಂತೆ ಮಾಡಲು ಸಾಧ್ಯವಾಯಿತು. ಬಸವಣ್ಣನವರು ಒಂದು ಶಬ್ದವನ್ನು ಎಲ್ಲೆಲ್ಲಿ ಬಳಸಿದ್ದಾರೆಂದು ತಿಳಿಯಲು ಮೊದಲು ವಿದ್ವಾಂಸರಿಗೆ ತಿಂಗಳುಗಳು ಹಿಡಿಯುತ್ತಿದ್ದವು. ಈಗ ಶಾಲೆಯ ಹುಡುಗಿಯೂ ಒಂದು ಗಳಿಗೆಯಲ್ಲಿ ತಿಳಿಯಬಲ್ಲಳು. ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ ಮುಕ್ತ ತಂತ್ರಾಂಶದ ಮೇಲೆ, ಮುಕ್ತ ಪರವಾನಿಗೆಯಲ್ಲಿ, ಸಂಬಳವಿಲ್ಲದ ಕೈಗಳಿಂದ ಕಟ್ಟಿದ ಮನೆಯೇ.

ಹೊರನಾಡ ಕನ್ನಡಿಗರಾದ ನಮಗೆ ಎಲ್ಲಕ್ಕಿಂತ ಹತ್ತಿರದ ಪಾಠ ಕಾಸರಗೋಡಿನದು. ೧೯೫೬ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿಹೋದ ವ್ಯಥೆ ನಮಗೆಲ್ಲ ಗೊತ್ತು. ಆದರೆ ಕೇರಳ ಸರ್ಕಾರ ೨೦೦೧ರಲ್ಲಿ ಶಾಲೆಗಳಿಗಾಗಿ ಆರಂಭಿಸಿದ ಗಣಕ ಶಿಕ್ಷಣ ಯೋಜನೆ ಮುಂದೆ ಪೂರ್ತಿಯಾಗಿ ಮುಕ್ತ ತಂತ್ರಾಂಶಕ್ಕೆ ತಿರುಗಿತು. ಅದರ ಫಲವಾಗಿ ಅಲ್ಲಿಯ ಕನ್ನಡ ಮಾಧ್ಯಮದ ಮಕ್ಕಳು ಗ್ನು/ಲಿನಕ್ಸ್ ಇರುವ ಗಣಕಗಳಲ್ಲಿ, ಕನ್ನಡದಲ್ಲಿ ಅಚ್ಚಾದ ಪಠ್ಯಪುಸ್ತಕದ ನೆರವಿನಿಂದ ಕಲಿಯುತ್ತಿದ್ದಾರೆ. ಅಲ್ಪಸಂಖ್ಯಾತ ಭಾಷೆಗೆ ಮಾರುಕಟ್ಟೆ ಯಾವತ್ತೂ ಕಡೆಯ ಪಂಕ್ತಿಯಲ್ಲಿ ಎಲೆ ಹಾಕುತ್ತದೆ. ಎಷ್ಟು ಜನ ಕೊಳ್ಳುತ್ತಾರೆ ಎಂಬ ಲೆಕ್ಕದ ಮೇಲೆ ಕಂಪೆನಿ ನಡೆಯುವುದರಿಂದ ಅದನ್ನು ದೂರಿ ಫಲವಿಲ್ಲ. ಮುಕ್ತ ತಂತ್ರಾಂಶದಲ್ಲಿ ಹಾಗಲ್ಲ. ಹತ್ತು ಜನ ಶ್ರದ್ಧಾವಂತರಿದ್ದರೆ ತಮ್ಮ ಭಾಷೆಯ ಎಲೆಯನ್ನು ತಾವೇ ಮೊದಲ ಪಂಕ್ತಿಯಲ್ಲಿ ಹಾಕಿಕೊಳ್ಳಬಹುದು, ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ಆಕ್ಷೇಪಗಳನ್ನೂ ಎದುರಿಸಬೇಕು. ಸಭೆಯಲ್ಲಿ ಹೋಟೆಲು ನಡೆಸುವವರಿದ್ದಾರೆ, ಲೆಕ್ಕಪತ್ರ ನೋಡುವವರಿದ್ದಾರೆ, ಮುದ್ರಕರಿದ್ದಾರೆ. ‘ನಮ್ಮ ಜಿ.ಎಸ್.ಟಿ. ಲೆಕ್ಕ ನಡೆಯುವ ತಂತ್ರಾಂಶ ಇದರಲ್ಲಿ ಇಲ್ಲವಲ್ಲ’ ಎಂದು ಅವರು ಕೇಳುವುದು ನ್ಯಾಯ. ಎಲ್ಲವನ್ನೂ ಒಂದೇ ದಿನ ಬದಲಿಸಿರೆಂದು ನಾವು ಹೇಳುವುದಿಲ್ಲ. ಗಿರಾಕಿ ಬಾಗಿಲಲ್ಲಿ ನಿಂತಿರುವಾಗ ತತ್ತ್ವಕ್ಕಾಗಿ ಗಲ್ಲಾಪೆಟ್ಟಿಗೆ ಮುಚ್ಚಲಾಗುವುದಿಲ್ಲ. ಆದರೆ ಸಂಘದ ಪತ್ರವ್ಯವಹಾರ, ಸದಸ್ಯರ ಪಟ್ಟಿ, ಸಂಚಿಕೆಯ ಲೇಖನಗಳು, ಮಕ್ಕಳ ಪಾಠ, ಇವುಗಳಿಗೆ ಲಿಬ್ರೆಆಫೀಸ್ ಧಾರಾಳವಾಗಿ ಸಾಕು. ಪುಟ ಕಟ್ಟುವ ಕೆಲಸ ನಿನ್ನೆಯವರೆಗೆ ಕಷ್ಟವಿತ್ತು. ಸ್ಕ್ರೈಬಸ್ ಎಂಬ ಮುಕ್ತ ತಂತ್ರಾಂಶದ ಈಚಿನ ೧.೬ ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ.

‘ಕೆಟ್ಟರೆ ಯಾರನ್ನು ಕೇಳುವುದು?’ ಎಂಬುದು ಎರಡನೆಯ ಆಕ್ಷೇಪ. ಇದು ನಿಜವಾದ ಕೊರತೆಯೇ. ಬೀದಿಯ ಮೂಲೆಯ ರಿಪೇರಿಯವರಿಗೆ ಇದರ ಅಭ್ಯಾಸ ಕಡಿಮೆ. ಆದರೆ ನವಿಮುಂಬಯಿಯ ಕಚೇರಿಗಳಲ್ಲಿ ಇದೇ ಕೆಲಸವನ್ನು ದಿನವಿಡೀ ಮಾಡುವ ಮಕ್ಕಳು ನಮ್ಮ ಮನೆಗಳಲ್ಲಿಯೇ ಇದ್ದಾರಲ್ಲವೆ? ಸಂಘಕ್ಕೆ ತರುಣರು ಬರುವುದಿಲ್ಲವೆಂಬುದು ನಮ್ಮ ನಿತ್ಯದ ಗೋಳು. ಅವರು ಬರದಿರುವುದಕ್ಕೆ, ಅವರ ಕೈಗೆ ತಕ್ಕ ಕೆಲಸವನ್ನು ನಾವು ಇಟ್ಟಿಲ್ಲದಿರುವುದೂ ಒಂದು ಕಾರಣವಾಗಿರಬಹುದು. ಕುರ್ಚಿ ಜೋಡಿಸಲು ಕರೆದರೆ ಬರದವರು ಕನ್ನಡದ ಕಡತಗಳನ್ನು ಬದುಕಿಸಲು ಕರೆದರೆ ಬಂದಾರು.

ಮೂರನೆಯದು ಆಕ್ಷೇಪವಲ್ಲ, ನಾವೆಲ್ಲ ಕಂಡೂ ಕಾಣದಂತಿರುವ ಸಂಗತಿ. ನಮ್ಮ ದೇಶದ ಎಷ್ಟೋ ಮನೆಗಳಲ್ಲಿ, ಅಂಗಡಿಗಳಲ್ಲಿ, ಸಂಸ್ಥೆಗಳಲ್ಲಿ ಬೆಲೆಯ ತಂತ್ರಾಂಶದ ಕದ್ದ ಪ್ರತಿಗಳು ನಡೆಯುತ್ತಿವೆ. ಗಣಕ ತಂತ್ರಾಂಶವೂ ೧೯೫೭ರ ಕೃತಿಸ್ವಾಮ್ಯ ಕಾನೂನಿನ ರಕ್ಷಣೆಗೆ ಒಳಪಟ್ಟದ್ದು. ಮಕ್ಕಳಿಗೆ ನೀತಿಪಾಠವನ್ನು ಕದ್ದ ಪ್ರತಿಯಲ್ಲಿ ಟೈಪು ಮಾಡಿ ಕೊಡುವುದು ಶೋಭಿಸದು. ಹಂಚಿಕೊಳ್ಳುವುದು ಕಳ್ಳತನವಾಗದ ಒಂದು ದಾರಿ ಇರುವಾಗ ಆ ದಾರಿಯನ್ನು ಹಿಡಿಯಬಾರದೇಕೆ? ಭಾರತ ಸರ್ಕಾರವೂ ೨೦೧೫ರಲ್ಲಿ ತನ್ನ ಇಲಾಖೆಗಳು ಮೂಲ ಬರಹ ತೆರೆದಿರುವ ತಂತ್ರಾಂಶಕ್ಕೆ ಆದ್ಯತೆ ಕೊಡತಕ್ಕದ್ದೆಂಬ ನೀತಿಯನ್ನು ಪ್ರಕಟಿಸಿದೆ.

ಇನ್ನೊಂದು ಕಾರಣಕ್ಕಾಗಿ ಇದು ತಕ್ಕ ಸಮಯ. ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ಕಂಪೆನಿಯ ಸಾಮಾನ್ಯ ಬೆಂಬಲ ನಿಂತಿತು. ಹಳೆಯ ಗಣಕಗಳಲ್ಲಿ ಬಹಳಷ್ಟಕ್ಕೆ ಹೊಸ ಆವೃತ್ತಿಯನ್ನು ಹಾಕಿಕೊಳ್ಳುವ ಅರ್ಹತೆಯಿಲ್ಲ. ಕಚೇರಿಗಳು ಅವನ್ನು ಭಂಗಾರಕ್ಕೆ ಹಾಕುತ್ತವೆ. ಯಂತ್ರ ಗಟ್ಟಿಮುಟ್ಟಾಗಿಯೇ ಇರುತ್ತದೆ. ಕಾಲ ಮುಗಿದದ್ದು ಕರಾರಿಗೆ. ಅಂಥ ಗಣಕದಲ್ಲಿ ಡೆಬಿಯನ್ನನ್ನೋ ಲಿನಕ್ಸ್ ಮಿಂಟನ್ನೋ ಹಾಕಿದರೆ ಅದು ಇನ್ನೂ ಎಷ್ಟೋ ವರ್ಷ ಮಕ್ಕಳ ಸೇವೆ ಮಾಡಬಲ್ಲದು. ಮಕ್ಕಳ ಸಂಖ್ಯೆ ಇಳಿಯುತ್ತಿರುವ ಕನ್ನಡ ಮಾಧ್ಯಮದ ಶಾಲೆಗಳಿಗೆ ಅಂಥ ಒಂದು ಕೋಣೆ ಒದಗಿದರೆ, ‘ಕನ್ನಡ ಶಾಲೆಯಲ್ಲಿ ಗಣಕ ಕಲಿಸುವುದಿಲ್ಲ’ ಎಂದು ಮಗುವನ್ನು ಬಿಡಿಸಿಕೊಂಡು ಹೋಗುವ ತಾಯಿತಂದೆಯರಿಗೆ ಕೊಡಲು ನಮ್ಮಲ್ಲಿ ಒಂದು ಉತ್ತರವಾದರೂ ಇರುತ್ತದೆ.

ಆದಕಾರಣ ಈ ಪ್ರದೇಶದ ಎಲ್ಲ ಕನ್ನಡ ಸಂಘಗಳ ಮುಂದೆ ನಾಲ್ಕು ಸಲಹೆಗಳನ್ನು ವಿನಯದಿಂದ ಇಡುತ್ತೇವೆ.

ಮೊದಲನೆಯದು, ಇಂದಿನಿಂದ ಸಂಘದ ಪ್ರತಿಯೊಂದು ಬರಹವೂ ಯುನಿಕೋಡಿನಲ್ಲಿಯೇ ಆಗತಕ್ಕದ್ದು. ಮುದ್ರಕರಿಗೆ ಕೆಲಸ ಕೊಡುವಾಗ, ಪುಟಗಳ ಜೊತೆಗೆ ಮೂಲ ಕಡತವನ್ನೂ ಯುನಿಕೋಡಿನಲ್ಲಿ ಹಿಂದಕ್ಕೆ ಪಡೆಯುವುದನ್ನು ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು.

ಎರಡನೆಯದು, ಕಪಾಟಿನಲ್ಲಿರುವ ಹಳೆಯ ಸ್ಮರಣಸಂಚಿಕೆಗಳನ್ನು ಸ್ಕ್ಯಾನು ಮಾಡಬೇಕು. ಚಿತ್ರದಿಂದ ಅಕ್ಷರವನ್ನು ಓದಿ ತೆಗೆಯುವ ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶಕ್ಕೆ ಕನ್ನಡ ಬರುತ್ತದೆ. ಅದು ತಪ್ಪು ಮಾಡುವುದುಂಟು. ಪ್ರೂಫು ತಿದ್ದಲು ನಿವೃತ್ತರಾದ ನಮ್ಮ ಶಿಕ್ಷಕ ಶಿಕ್ಷಕಿಯರಿಗಿಂತ ಯೋಗ್ಯರು ಯಾರು? ಹೊಟ್ಟೆಪಾಡಿಗಾಗಿ ಈ ಊರುಗಳಿಗೆ ಬಂದು, ರಾತ್ರಿ ಶಾಲೆ ಓದಿ, ಸಂಘ ಕಟ್ಟಿದವರ ಚರಿತ್ರೆ ಆ ಪುಟಗಳಲ್ಲಲ್ಲದೆ ಬೇರೆಲ್ಲಿಯೂ ಇಲ್ಲ.

ಮೂರನೆಯದು, ಕಚೇರಿಗಳು ಕೈಬಿಡುವ ಗಣಕಗಳನ್ನು ಕೇಳಿ ಪಡೆದು ಒಂದು ಕನ್ನಡ ಶಾಲೆಯಲ್ಲಾದರೂ ಮುಕ್ತ ತಂತ್ರಾಂಶದ ಕೋಣೆಯನ್ನು ತೆರೆಯಬೇಕು. ಬೆಂಗಳೂರಿನ ಒಂದು ಕೊಳೆಗೇರಿಯಲ್ಲಿ ಮುಕ್ತ ತಂತ್ರಾಂಶದ ಕಾರ್ಯಕರ್ತರು ಅಂಬೇಡ್ಕರ್ ಹೆಸರಿನಲ್ಲಿ ಇಂಥ ಕೇಂದ್ರವನ್ನು ನಡೆಸಿ, ಅಲ್ಲಿಯ ಮಕ್ಕಳು ಗಣಕದಲ್ಲಿ ಚಿತ್ರ ಬರೆಯುವುದನ್ನು ಕಲಿತ ನಿದರ್ಶನ ನಮ್ಮ ಮುಂದಿದೆ.

ನಾಲ್ಕನೆಯದು, ತಿಂಗಳಿಗೊಂದು ಭಾನುವಾರ ಸಂಜೆ ಎರಡು ಗಂಟೆ ಕೂತು ಮುಕ್ತ ತಂತ್ರಾಂಶಗಳ ಸೂಚನೆಗಳನ್ನು ಕನ್ನಡಕ್ಕೆ ತರುವ, ವಿಕಿಪೀಡಿಯದಲ್ಲಿ ನಮ್ಮ ಊರುಗಳ ಬಗ್ಗೆ ಬರೆಯುವ ಕೂಟವನ್ನು ನಡೆಸಬೇಕು. ಇದಕ್ಕೆ ತಂತ್ರಜ್ಞರೇ ಬೇಕೆಂದಿಲ್ಲ. ಒಳ್ಳೆಯ ಕನ್ನಡ ಬಲ್ಲವರು ಬೇಕು, ಮತ್ತು ಒಂದು ಹಂಡೆ ಕಾಪಿ!

ಬಂಧುಗಳೇ, ಹಳೆಯ ಓಲೆಗರಿಯ ಲಿಪಿಕಾರರು ಪ್ರತಿ ಮಾಡಿ ಮುಗಿಸಿದ ಮೇಲೆ, ತಪ್ಪಿದ್ದರೆ ಬಲ್ಲವರು ತಿದ್ದಿ ಓದಿಕೊಳ್ಳಬೇಕೆಂದು ಬಿನ್ನವಿಸಿಕೊಳ್ಳುತ್ತಿದ್ದರು. ಪ್ರತಿ ಮಾಡಲು ಅಪ್ಪಣೆಯಿತ್ತು, ತಿದ್ದಲು ಆಹ್ವಾನವಿತ್ತು, ಮುಂದಿನವರಿಗೆ ದಾಟಿಸುವ ಹೊಣೆಯಿತ್ತು. ಆದ್ದರಿಂದಲೇ ಪಂಪನೂ ಕುಮಾರವ್ಯಾಸನೂ ಯಾರೊಬ್ಬರ ತಿಜೋರಿಯಲ್ಲಿಯೂ ಸಾಯದೆ ನಮ್ಮವರೆಗೆ ಬಂದರು. ಬೋಸ್ಟನ್ನಿನ ಸಂಸ್ಥೆ ಹೇಳುವುದನ್ನು ನಮ್ಮವರು ಎಲೆಯ ಮೇಲೆ ಕಂಟದಿಂದ ಬರೆದಿಟ್ಟಿದ್ದರೆಂದರೆ ಹೆಚ್ಚಿನ ಮಾತಾಗದು. ಆ ಪದ್ಧತಿಯನ್ನು ಹೊಸ ಯಂತ್ರದಲ್ಲಿಯೂ ನಡೆಸಿಕೊಂಡು ಹೋಗುವುದು ನಮ್ಮ ಪಾಲಿನ ಕೆಲಸ. ಮುಂದಿನ ರಾಜ್ಯೋತ್ಸವದ ಹೊತ್ತಿಗೆ ಈ ನಾಲ್ಕರಲ್ಲಿ ಒಂದನ್ನಾದರೂ ಮಾಡಿ ತೋರಿಸಿ, ಅದರ ವರದಿಯನ್ನು ಇದೇ ಸಂಚಿಕೆಯಲ್ಲಿ ಅಚ್ಚು ಹಾಕಿಸೋಣ ಎಂದು ಬೇಡಿಕೊಳ್ಳುತ್ತೇವೆ.